ಕಸುಬು, ಹುನರು ಮತ್ತು ಮತ್ತೋಡಿನ ಗಾಜು

ಹಿರಿಯೂರು ತಾಲ್ಲೂಕಿನ ಹಳ್ಳಿಯೊಂದರ ಹಿರಿಯರೊಬ್ಬರು ಒಂದು ದಿನ ಅಸರ್ ನಮಾಝಿನ ಬಳಿಕ ಮಸೀದಿಯ ಜಗಲಿಯ ಮೇಲೆ ನನಗಾಗಿ ಕಾದು ಕುಳಿತಿದ್ದರು. ಅವರ ಮಗಳಿಗೆ ಒಂದು ಸಂಬಂಧ ಬಂದಿತ್ತು. ಮಾತುಕತೆ ಮುಗಿದು ದಿನ ಗೊತ್ತುಮಾಡುವ ಹೊತ್ತಿಗೆ ಹುಡುಗನ ಕಡೆಯವರು ಹಿಂದೆ ಸರಿದರು. ಹುಡುಗಿಯ ಅಜ್ಜ ಹೆಗಲ ಮೇಲೆ ಬಿಲ್ಲು ಹೊತ್ತು ಹೊಳಲ್ಕೆರೆ, ಹೊಸದುರ್ಗದ ಕಡೆಯ ಹಳ್ಳಿಗಳನ್ನು ಸುತ್ತಿ ಹತ್ತಿ ಹಿಂಜುತ್ತಿದ್ದವರು ಎಂಬುದು ಅವರಿಗೆ ತಡವಾಗಿ ತಿಳಿದಿತ್ತು. ‘ಕಫಾಅತ್ ಇಲ್ಲ, ಮಸ್‌ಅಲಾ ಇದೆ’ ಎಂದು ಯಾರೋ ಅವರಿಗೆ ಹೇಳಿದ್ದರಂತೆ. ಹಿರಿಯರು ಕೋಪ ಮಾಡಿಕೊಂಡಿರಲಿಲ್ಲ. ಕೇಳಿದ್ದು ಒಂದೇ ಮಾತು: “ಹಜ್ರತ್, ನಮ್ ಕೆಲ್ಸ ಕಿತಾಬ್ನಾಗೆ ಕೀಳು ಅಂತ ಬರ್ದೈತಾ?”

ಈ ಪ್ರಶ್ನೆಗೆ ‘ಇಲ್ಲ’ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುವುದು ಸುಲಭ. ಆದರೆ ಮದ್ರಸದಲ್ಲಿ ಓದಿದವನಿಗೆ ಅಷ್ಟು ಸುಲಭವಲ್ಲ. ಏಕೆಂದರೆ ಕಿತಾಬಿನಲ್ಲಿ ಆ ಮಸ್‌ಅಲಾ ಇರುವುದು ನಿಜ. ಅದು ಎಲ್ಲಿಂದ ಬಂತು, ಅದರ ಪಕ್ಕದಲ್ಲೇ ಇನ್ನೇನು ಬರೆದಿದೆ, ಕೈಯ ಕೆಲಸವನ್ನು ಇಸ್ಲಾಮಿನ ಚಿಂತಕರು ಹೇಗೆ ಕಂಡರು ಎಂಬುದನ್ನು ಕ್ರಮವಾಗಿ ನೋಡಿದರೆ ಮಾತ್ರ ಪ್ರಾಮಾಣಿಕ ಉತ್ತರ ದೊರೆಯುತ್ತದೆ. ಅಂದು ಜಗಲಿಯ ಮೇಲೆ ನಾನು ಅರ್ಧವಷ್ಟೇ ಹೇಳಬಲ್ಲವನಾಗಿದ್ದೆ.

ಮೊದಲು ಪದಗಳನ್ನೇ ನೋಡೋಣ. ‘ಕಸುಬು’ ಎಂಬುದನ್ನು ನಾವು ಅಚ್ಚಗನ್ನಡದ ಮಾತೆಂಬಂತೆ ಬಳಸುತ್ತೇವೆ. ಅದು ಅರಬಿಯ ‘ಕಸ್ಬ್’, ಅಂದರೆ ಗಳಿಕೆ. ಇಲ್ಮುಲ್ ಕಲಾಮಿನಲ್ಲಿ ಇದೇ ಪದಕ್ಕೆ ದೊಡ್ಡ ಸ್ಥಾನವಿದೆ: ಕ್ರಿಯೆಗಳನ್ನು ಸೃಷ್ಟಿಸುವವನು ಅಲ್ಲಾಹನು, ಅವನ್ನು ತನ್ನದಾಗಿಸಿಕೊಂಡು ಹೊಣೆ ಹೊರುವವನು ಮನುಷ್ಯ, ಆ ತನ್ನದಾಗಿಸಿಕೊಳ್ಳುವಿಕೆಯನ್ನು ಇಮಾಮ್ ಅಬುಲ್ ಹಸನ್ ಅಶ್‌ಅರಿ(ರ) ‘ಕಸ್ಬ್’ ಎಂದರು. ಪಾರ್ಸಿಯ ‘ಹುನರ್’ ಕೂಡ ಕನ್ನಡಕ್ಕೆ ಬಂದಿದೆ. ಆದರೆ ಬರುವ ದಾರಿಯಲ್ಲಿ ಅದರ ಮಾನ ಹೋಯಿತು. ಅಲ್ಲಿ ಅದು ಕುಶಲತೆ, ಕಲೆ, ಯೋಗ್ಯತೆ. ಇಲ್ಲಿ ‘ಹುನ್ನಾರ’ ಎಂದರೆ ಒಳಸಂಚು. (‘ಕೈಚಳಕ’ ಎಂಬ ನಮ್ಮದೇ ಪದಕ್ಕೂ ಜೇಬುಗಳ್ಳರ ಸಹವಾಸದಿಂದ ಇಂಥದೇ ಗತಿ ಒದಗಿದೆ.)

ಅರಬಿಯಲ್ಲಿ ಕೈಗೆಲಸಕ್ಕೂ ಕಲೆಗೂ ಬಹುಕಾಲ ಒಂದೇ ಪದವಿತ್ತು: ‘ಸಿನಾಅತ್’. ಬಡಗಿಯದ್ದು ಸಿನಾಅತ್, ವೈದ್ಯನದ್ದು ಸಿನಾಅತ್, ತರ್ಕಶಾಸ್ತ್ರವೂ ಸಿನಾಅತ್. ಹತ್ತನೆಯ ಶತಮಾನದ ಅಬೂ ಹಿಲಾಲ್ ಅಲ್‌ಅಸ್ಕರಿ ಗದ್ಯ ಮತ್ತು ಪದ್ಯಗಳ ಕುರಿತು ಬರೆದ ಗ್ರಂಥಕ್ಕೆ ‘ಕಿತಾಬುಸ್ಸಿನಾಅತೈನ್’ ಎಂದು ಹೆಸರಿಟ್ಟರು, ‘ಎರಡು ಕಸುಬುಗಳ ಪುಸ್ತಕ’ ಎಂದು. ಕವಿತೆ ಬರೆಯುವವನನ್ನು ಕಸುಬುದಾರನೆಂದು ಕರೆದರೆ ಅವನಿಗೆ ಅವಮಾನವಾಗುತ್ತದೆಂದು ಅವರಿಗೆ ತೋರಲಿಲ್ಲ. ಇಂದು ‘ಕಲೆ’ ಎಂಬರ್ಥದಲ್ಲಿ ಬಳಕೆಯಾಗುವ ‘ಫನ್’ ಎಂಬ ಪದಕ್ಕೆ ಅಂದು ಬಗೆ, ಶಾಖೆ ಎಂಬುದೇ ಮುಖ್ಯ ಅರ್ಥ. ಗ್ಯಾಲರಿಯಲ್ಲಿ ತೂಗುಹಾಕಿದ್ದು ಕಲೆ, ಅಡುಗೆಮನೆಯಲ್ಲಿ ಬಳಸುವುದು ಕಸುಬು ಎಂಬ ವಿಭಜನೆ ನಮ್ಮ ಪರಂಪರೆಯೊಳಗಿಂದ ಹುಟ್ಟಿದ್ದಲ್ಲ.

ಪರಂಪರೆಯ ಮೂಲಕ್ಕೆ ಹೋದರೆ ಪ್ರವಾದಿಗಳೇ ಕೈಯಲ್ಲಿ ಉಪಕರಣ ಹಿಡಿದು ನಿಂತಿರುವುದನ್ನು ಕಾಣುತ್ತೇವೆ. ನೂಹ್(ಅ) ಅವರಿಗೆ ಅಲ್ಲಾಹನ ಕಣ್ಣೆದುರಿನಲ್ಲಿ ಹಡಗು ಕಟ್ಟುವಂತೆ ಆಜ್ಞೆಯಾಯಿತು. ಝಕರಿಯ್ಯಾ(ಅ) ಬಡಗಿಯಾಗಿದ್ದರೆಂದು ಸಹೀಹ್ ಮುಸ್ಲಿಮಿನಲ್ಲಿದೆ. ದಾವೂದ್(ಅ) ಅರಸರಾಗಿದ್ದೂ ತಮ್ಮ ಕೈಗೆಲಸದಿಂದಲೇ ಉಣ್ಣುತ್ತಿದ್ದರೆಂದು ಬುಖಾರಿಯ ಹದೀಸ್ ತಿಳಿಸುತ್ತದೆ. ಅವರಿಗಾಗಿ ಕಬ್ಬಿಣವನ್ನು ಮೆದುವಾಗಿಸಿದ ವಿಷಯ ಸೂರಃ ಸಬಾದಲ್ಲಿ ಬರುತ್ತದೆ. ಓದುವಾಗ ನಾವು ಆ ಮುಅ್‌ಜಿಝತ್ತಿನ ಬಳಿ ನಿಂತು ಮುಂದಿನ ಮಾತನ್ನು ಬಿಟ್ಟುಬಿಡುತ್ತೇವೆ. ಮುಂದಿನದು ಕಮ್ಮಾರಸಾಲೆಯ ಮಾತು: ಕವಚದ ಕೊಂಡಿಗಳನ್ನು ಅಳತೆಯಿಂದ ಜೋಡಿಸಬೇಕು. ಕಬ್ಬಿಣ ಮೆದುವಾದದ್ದು ದೇವರ ಕೊಡುಗೆ, ಕೊಂಡಿಯ ಅಳತೆ ಮಾತ್ರ ದಾವೂದರ ಹೊಣೆ. ಕೊಂಡಿ ಸಡಿಲವಾದರೆ ಬಾಣ ಒಳಹೋಗುತ್ತದೆ, ಬಿಗಿಯಾದರೆ ತೊಟ್ಟವನು ತೋಳು ಎತ್ತಲಾರ. ವಹೀಯಲ್ಲಿ ಕೊಂಡಿಯ ಅಳತೆಯ ಪ್ರಸ್ತಾಪ ಬಂದಿದೆ ಎಂಬುದನ್ನು ಕಬ್ಬಿಣದ ಕೆಲಸ ಮಾಡುವ ನಮ್ಮ ಹುಡುಗರಿಗೆ ಯಾರಾದರೂ ಹೇಳುತ್ತಾರೋ ಇಲ್ಲವೋ ನಾನರಿಯೆ.

ಸೂರಃ ನಮ್ಲ್‌ನಲ್ಲಿ ಇನ್ನೂ ಮೇಲಿನ ಮಾತಿದೆ. ಪರ್ವತಗಳ ವಿಷಯ ಹೇಳುತ್ತ ಅಲ್ಲಿ ಸೃಷ್ಟಿಯನ್ನು ಅಲ್ಲಾಹನ ‘ಸುನ್‌ಅ’ ಎಂದು, ಅವನು ಪ್ರತಿಯೊಂದನ್ನೂ ‘ಇತ್‌ಕಾನ್’ನಿಂದ, ಕೊರತೆಯಿಲ್ಲದ ಅಚ್ಚುಕಟ್ಟಿನಿಂದ ಮಾಡಿದನೆಂದು ಹೇಳಲಾಗಿದೆ. ಸುನ್‌ಅ, ಸಿನಾಅತ್ ಎರಡಕ್ಕೂ ಧಾತು ಒಂದೇ. ಜೊತೆಗೆ ಶದ್ದಾದ್ ಬಿನ್ ಔಸ್(ರ) ವರದಿ ಮಾಡಿದ ಹದೀಸನ್ನೂ ಇಡಬೇಕು: ಎಲ್ಲದರಲ್ಲೂ ಇಹ್ಸಾನ್, ಅಂದರೆ ಚೆನ್ನಾಗಿ ಮಾಡುವಿಕೆ, ಕಡ್ಡಾಯ, ಜಾನುವಾರು ಕೊಯ್ಯುವವನು ಕೂಡ ಚೂರಿಯನ್ನು ಹರಿತಗೊಳಿಸಿರಬೇಕು. ಇಹ್ಸಾನಿಗೆ ಉದಾಹರಣೆಯಾಗಿ ಪ್ರವಾದಿ(ಸ) ಆರಿಸಿಕೊಂಡದ್ದು ಕಟುಕನ ಚೂರಿಯನ್ನು. ನಾವು ಇಹ್ಸಾನ್ ಎಂದೊಡನೆ ತಸ್ಬೀಹನ್ನಷ್ಟೇ ನೆನೆಯುತ್ತೇವೆ.

ಸೌಂದರ್ಯ ಎಂದರೇನು ಎಂಬ ಪ್ರಶ್ನೆಗೆ ಇಮಾಮ್ ಗಝ್ಝಾಲಿ(ರ) ‘ಇಹ್ಯಾ’ದ ಪ್ರೇಮದ ಅಧ್ಯಾಯದಲ್ಲಿ ಕೊಟ್ಟ ಉತ್ತರ ಈ ನೆಲೆಯ ಮೇಲೆಯೇ ನಿಂತಿದೆ. ಒಂದು ವಸ್ತುವಿಗೆ ಒಪ್ಪುವ, ಅದಕ್ಕೆ ಸಾಧ್ಯವಾದ ಪೂರ್ಣತೆ ಅದರಲ್ಲಿ ಕೂಡಿಬಂದರೆ ಅದೇ ಅದರ ಚೆಲುವು. ಕುದುರೆಗೆ ಒಪ್ಪುವ ರೂಪ, ಬಣ್ಣ, ಓಟ ಕೂಡಿದಾಗ ಕುದುರೆ ಸುಂದರ. ಅಕ್ಷರಗಳ ಪ್ರಮಾಣ, ಸಾಲಿನ ನೇರ, ನಡುವಣ ಅಂತರ ಹದವಾದಾಗ ಬರವಣಿಗೆ ಸುಂದರ. ಕುದುರೆಯ ಚೆಲುವಿನಿಂದ ಬರವಣಿಗೆಯನ್ನು ಅಳೆಯಲಾಗದು. ಪ್ರತಿಯೊಂದಕ್ಕೂ ತನ್ನದೇ ಪೂರ್ಣತೆಯಿದೆ. ಈ ವಿವರಣೆಯನ್ನು ಒಪ್ಪಿದರೆ ಕಸುಬು ಮತ್ತು ಕಲೆಗಳ ನಡುವಣ ಗೋಡೆ ತಾನಾಗಿ ಬೀಳುತ್ತದೆ. ಚಿತ್ರದುರ್ಗದ ಏಳುಸುತ್ತಿನ ಕೋಟೆಯಲ್ಲಿ ಬಂಡೆಯ ಏರಿಳಿತಕ್ಕೆ ತಕ್ಕಂತೆ ಕಲ್ಲನ್ನು ಕಡಿದು ಕೂರಿಸಿದವನ ಕೆಲಸಕ್ಕೆ ಕೆತ್ತನೆಯ ಹೂವು ಬೇಕಿಲ್ಲ. ಕಲ್ಲು ಕಲ್ಲಿಗೆ ಕೂತಿರುವುದೇ ಅದರ ಚೆಲುವು. ಗಝ್ಝಾಲಿಯವರ ತಂದೆ ಉಣ್ಣೆ ನೂಲುವವರಾಗಿದ್ದರೆಂದು ಚರಿತ್ರಕಾರರು ಬರೆದಿದ್ದಾರೆ. ನೂಲಿನ ಹದ ತಿಳಿದ ಮನೆಯಲ್ಲಿ ಹುಟ್ಟಿದ ವಿಚಾರವಿದು ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಇಲ್ಲಿ ಒಂದು ಮಿತಿಯನ್ನೂ ಹೇಳಬೇಕು, ಇಲ್ಲದಿದ್ದರೆ ಮಾತು ಏಕಪಕ್ಷೀಯವಾಗುತ್ತದೆ. ಬುಖಾರಿಯಲ್ಲಿ ಇಬ್ನು ಅಬ್ಬಾಸ್(ರ) ಅವರ ಬಳಿ ಬಂದ ಒಬ್ಬನ ಪ್ರಸಂಗವಿದೆ. ನನ್ನ ಹೊಟ್ಟೆಪಾಡು ನನ್ನ ಕೈಗೆಲಸ, ನಾನು ಚಿತ್ರಗಳನ್ನು ಮಾಡುವವನು ಎಂದು ಅವನು ಹೇಳಿಕೊಂಡ. ಇಬ್ನು ಅಬ್ಬಾಸ್ ಜೀವಿಗಳ ಚಿತ್ರದ ಕುರಿತ ಎಚ್ಚರಿಕೆಯ ಹದೀಸನ್ನು ತಿಳಿಸಿದಾಗ ಅವನ ಮುಖ ಕಳೆಗುಂದಿತು. ಆಗ ಅವರು ಅವನನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಮಾಡಲೇಬೇಕೆಂದಿದ್ದರೆ ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಮಾಡು ಎಂದರು. ಮಿತಿ ಹಾಕಿದ ಬಾಯಿಯೇ ಆ ಕುಶಲಕರ್ಮಿಯ ಅನ್ನಕ್ಕೂ ದಾರಿ ತೋರಿಸಿತು. ಮುಂದೆ ಮುಸ್ಲಿಮ್ ನಾಡುಗಳ ಕೈಗಳು ಬಳ್ಳಿ, ರೇಖಾಗಣಿತ, ಅಕ್ಷರ ಇವುಗಳಲ್ಲಿ ತೊಡಗಿ ಏನೇನು ಮಾಡಿದವು ಎಂಬುದಕ್ಕೆ ಬಿಜಾಪುರದವರೆಗೆ ಹೋಗಲಾಗದವರು ಹಿರಿಯೂರಿನಿಂದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಶಿರಾದವರೆಗೆ ಹೋದರೂ ಸಾಕು. ಕಡೆದ ಕಲ್ಲಿನ ಜುಮ್ಮಾ ಮಸೀದಿ ಅಲ್ಲಿದೆ, 1696ರದು. ಬಿಜಾಪುರದ ಅಧಿಕಾರಿಯಾಗಿದ್ದ ಮಲಿಕ್ ರಿಹಾನರ ಗೋರಿಯೂ ಅಲ್ಲಿದೆ.

ಇನ್ನು ನಮ್ಮ ಜಿಲ್ಲೆಯ ಗಾಜಿಗೆ ಬರುತ್ತೇನೆ. ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಹೋಬಳಿ ಊರು. ಟಿಪ್ಪು ಸುಲ್ತಾನರು ಹುತಾತ್ಮರಾದ ಮೇಲೆ ಕಂಪನಿ ಸರ್ಕಾರ ಮೈಸೂರು ಸೀಮೆಯ ಬೇಸಾಯ, ಕೈಗಾರಿಕೆ, ವ್ಯಾಪಾರಗಳನ್ನು ತಿಳಿದುಬರಲು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿತು. ಅವನು 1801ರಲ್ಲಿ ಹಿರಿಯೂರು ಸೀಮೆಯಲ್ಲಿ ಸುತ್ತಾಡಿ ಮತ್ತೋಡಿಗೆ ಹೋದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಮತ್ತೋಡಿನ ಗಾಜಿನ ಕುಲುಮೆಗಳ ವರ್ಣನೆಯಿದೆ. ಹೆಂಗಸರು ತೊಡುವ ಬಳೆಗಾಗಿ ಅಲ್ಲಿ ಐದು ಬಣ್ಣದ ಗಾಜು ತಯಾರಾಗುತ್ತಿತ್ತು: ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ. ಗಾಜು ಒರಟು, ಆಚೆಯದು ಕಾಣಿಸದಷ್ಟು ಮಂದ ಎಂದೂ ಅವನು ಗಮನಿಸಿದ.

ಗಾಜಿಗೆ ಬೇಕಾದುದು ಬಿಳಿಯ ಬೆಣಚುಕಲ್ಲಿನ ಪುಡಿ, ಕ್ಷಾರ ಮತ್ತು ತಡೆಯಿಲ್ಲದ ಬೆಂಕಿ. ನಮ್ಮ ಬಯಲುಸೀಮೆಯ ತಗ್ಗುನೆಲದಲ್ಲಿ ಬೇಸಿಗೆಯಲ್ಲಿ ಬೆಳ್ಳಗೆ ಉಬ್ಬಿಬರುವ ಚೌಳುಮಣ್ಣನ್ನು ರೈತ ಶಪಿಸುತ್ತಾನೆ, ಏಕೆಂದರೆ ಅಲ್ಲಿ ಬೆಳೆ ಬರುವುದಿಲ್ಲ. ಆದರೆ ಚೌಳು ಎಂದರೆ ಕ್ಷಾರ. ಅಗಸರು ಅದರಿಂದ ಬಟ್ಟೆ ತೊಳೆದರು, ಗಾಜು ಮಾಡುವವರು ಅದರಿಂದ ಕಲ್ಲನ್ನು ಕರಗಿಸಿದರು. ಕಬ್ಬಿಣದ ಅಂಶ ಬಿದ್ದರೆ ಒಂದು ಬಣ್ಣ, ತಾಮ್ರ ಬಿದ್ದರೆ ಇನ್ನೊಂದು. ಕರಗಿದ ಗಾಜಿನ ತುಣುಕನ್ನು ಸಲಾಕೆಯ ತುದಿಯಲ್ಲಿ ಎತ್ತಿ, ಮಣ್ಣಿನ ಶಂಕುವಿನ ಮೇಲೆ ಹಾಕಿ ತಿರುಗಿಸುತ್ತ ಹಿಗ್ಗಿಸಿದರೆ ಬೆಸುಗೆಯಿಲ್ಲದ ಬಳೆಯಾಗುತ್ತದೆ. ಕೈ ಒಂದು ಕ್ಷಣ ತಡವಾದರೆ ಗಾಜು ಸೆಟೆದು ಒಡೆಯುತ್ತದೆ, ಒಂದು ಕ್ಷಣ ಬೇಗವಾದರೆ ಇಳಿದುಹೋಗುತ್ತದೆ. ಆ ಕ್ಷಣವನ್ನು ಪುಸ್ತಕದಲ್ಲಿ ಬರೆದಿಡಲಾಗದು.

ಇಬ್ನು ಖಲ್ದೂನ್ (1332–1406) ತಮ್ಮ ‘ಮುಖದ್ದಿಮಾ’ದಲ್ಲಿ ಸಿನಾಅತ್ತನ್ನು ‘ಮಲಕಾ’ ಎಂದದ್ದು ಇದನ್ನೇ: ಮತ್ತೆ ಮತ್ತೆ ಮಾಡಿ ಮೈಗೂಡಿದ, ಬುದ್ಧಿಯೂ ಅಂಗಾಂಗವೂ ಒಂದಾದ ಗುಣ. ಗುರುವಿನ ಕೈಯನ್ನು ಕಣ್ಣಾರೆ ಕಂಡು ಕಲಿತ ಮಲಕಾ, ಕೇಳಿ ಕಲಿತದ್ದಕ್ಕಿಂತ ಗಟ್ಟಿ ಎಂದು ಅವರು ಹೇಳುತ್ತಾರೆ. ಬೇಸಾಯ, ಕಟ್ಟಡ, ಬಡಗಿತನ, ನೇಯ್ಗೆ, ಸೂಲಗಿತ್ತಿತನ, ವೈದ್ಯ, ಲಿಪಿಗಾರಿಕೆ, ಗಾಯನ ಎಲ್ಲವೂ ಅವರ ಒಂದೇ ಅಧ್ಯಾಯದಲ್ಲಿ ಸಾಲಾಗಿ ಬರುತ್ತವೆ. ಕಸುಬು ಮಾಡುವವನ ಬುದ್ಧಿಯನ್ನೂ ಕಸುಬು ಬೆಳೆಸುತ್ತದೆ ಎಂಬುದು ಅವರ ಮತ. ಊರು ಕ್ಷೀಣಿಸಿ ಬೇಡಿಕೆ ಕುಂದಿದಾಗ ಮಲಕಾ ಹೊತ್ತಿದ್ದ ಮನುಷ್ಯನೊಡನೆ ಕಸುಬೂ ಅಳಿಯುತ್ತದೆ ಎಂದೂ ಅವರು ಬರೆದರು. ಇಂದು ಮತ್ತೋಡು ಎಂದೊಡನೆ ಬಳೆ ನೆನಪಾಗುವವರು ವಿರಳ. ನಮ್ಮ ಉರುಸು, ಜಾತ್ರೆಗಳಲ್ಲಿ ಬಳೆ ಮಾರುವವರ ಪೆಟ್ಟಿಗೆಯಲ್ಲಿರುವುದು ಫಿರೋಝಾಬಾದಿನ ಬಳೆ.

ಚಿತ್ರದುರ್ಗ ನಗರದಲ್ಲೇ ಇನ್ನೊಂದು ಮರೆತ ಅಧ್ಯಾಯವಿದೆ. 1779ರಲ್ಲಿ ಹೈದರ್ ಅಲಿ ದುರ್ಗವನ್ನು ಗೆದ್ದ ಮೇಲೆ ಅದು ಮೈಸೂರಿಗೆ ಸೇರಿತು. ಟಿಪ್ಪು ಸುಲ್ತಾನರು ‘ತಾರಾಮಂಡಲ್’ ಎಂಬ ಹೆಸರಿನ ಕಾರ್ಖಾನೆಗಳನ್ನು ಶ್ರೀರಂಗಪಟ್ಟಣ, ಬೆಂಗಳೂರು, ಬಿದನೂರು ಮತ್ತು ಚಿತ್ರದುರ್ಗಗಳಲ್ಲಿ ನಡೆಸಿದರು. ಆಯುಧ ಮಾಡುವ ಕಾರ್ಖಾನೆಗೆ ನಕ್ಷತ್ರಪುಂಜದ ಹೆಸರು! ಟಿಪ್ಪುವಿನ ಕಾಲದ ಖಡ್ಗಗಳಲ್ಲಿ ಹಿಡಿಯ ಹುಲಿಮುಖವೆಲ್ಲಿ ಮುಗಿಯಿತು, ಆಯುಧವೆಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ಗಾಜಿನ ಮಾತನ್ನು ಪೂರ್ತಿ ಮಾಡಬೇಕು. ಸೂರಃ ನೂರ್‌ನ ಪ್ರಸಿದ್ಧ ಆಯತ್ತಿನಲ್ಲಿ ಗೂಡು, ಗೂಡಿನಲ್ಲಿ ದೀಪ, ದೀಪ ಗಾಜಿನೊಳಗೆ, ಗಾಜು ಹೊಳೆವ ನಕ್ಷತ್ರದಂತೆ ಎಂಬ ಉಪಮೆಯಿದೆ. ಗಝ್ಝಾಲಿಯವರು ‘ಮಿಶ್ಕಾತುಲ್ ಅನ್ವಾರ್’ ಎಂಬ ಪುಟ್ಟ ಗ್ರಂಥವನ್ನು ಈ ಆಯತ್ತಿನ ವಿವರಣೆಗೇ ಮೀಸಲಿಟ್ಟರು. ಅವರ ಪ್ರಕಾರ ಗೂಡು ಎಂದರೆ ಇಂದ್ರಿಯ, ದೀಪ ಎಂದರೆ ಬುದ್ಧಿ, ನಡುವಣ ಗಾಜು ಎಂದರೆ ಕಲ್ಪನಾಶಕ್ತಿ. ಗಾಜೇ ಏಕೆ? ಅದರ ಮೂಲದ್ರವ್ಯ ದಪ್ಪ, ಮಸುಕು, ಬೆಳಕನ್ನು ತಡೆಯುವಂಥದ್ದು. ಶುದ್ಧಿ ಮಾಡಿ ತೆಳುವಾಗಿಸಿದಾಗ ಅದೇ ದ್ರವ್ಯ ಬೆಳಕನ್ನು ದಾಟಿಸುತ್ತದೆ; ಅಷ್ಟೇ ಅಲ್ಲ, ಗಾಳಿಗೆ ದೀಪ ನಂದದಂತೆ ಕಾಯುತ್ತದೆ. ಮನುಷ್ಯನ ಕಲ್ಪನೆಯೂ ಹಾಗೆ. ಹದಗೊಳ್ಳದಿದ್ದರೆ ಸತ್ಯಕ್ಕೆ ಅಡ್ಡ, ಹದಗೊಂಡರೆ ಸತ್ಯಕ್ಕೆ ಚಿಮಣಿ. ತತ್ತ್ವದ ಅತ್ಯಂತ ಸೂಕ್ಷ್ಮವಾದ ಮಾತನ್ನು ಹೇಳಲು ಗಝ್ಝಾಲಿಯವರಿಗೆ ಗಾಜು ಮಾಡುವವನ ಕುಲುಮೆಯ ತಿಳಿವಳಿಕೆ ಬೇಕಾಯಿತು. ಮತ್ತೋಡಿನ ಗಾಜು ಬೆಳಕನ್ನು ದಾಟಿಸಲಿಲ್ಲ, ಅದು ದೀಪಕ್ಕಾಗಿ ಮಾಡಿದ್ದೂ ಅಲ್ಲ. ಬಳೆಗೆ ಬೇಕಾದುದು ಬಣ್ಣ ಮತ್ತು ನಾದ; ಬಳೆಗೆ ಒಪ್ಪುವ ಪೂರ್ಣತೆ ಅದಕ್ಕೆ ಸಾಕು.

ಕಸುಬುಗಳಲ್ಲಿ ಮೇಲುಕೀಳು ಉಂಟೇ ಎಂಬ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು ಬಸ್ರಾದ ‘ಇಖ್ವಾನುಸ್ಸಫಾ’ ಎಂಬ ಹತ್ತನೆಯ ಶತಮಾನದ ಬಳಗ. ಅವರ ಅಖೀದಾದ ಬಗ್ಗೆ ನಮ್ಮ ಉಲಮಾಗಳಿಗೆ ತಕರಾರುಗಳಿವೆ, ಅವು ಸಕಾರಣವಾದವು. ಆದರೂ ಅವರ 52 ರಿಸಾಲೆಗಳಲ್ಲಿ ಒಂದನ್ನು ಪೂರ್ತಿಯಾಗಿ ಕೈಗೆಲಸಗಳಿಗೆ ಮೀಸಲಿಟ್ಟದ್ದನ್ನೂ, ಅದನ್ನು ಗಣಿತ, ಸಂಗೀತಗಳ ವಿಭಾಗದಲ್ಲೇ ಇಟ್ಟದ್ದನ್ನೂ ಮರೆಯಲಾಗದು. ಕಸುಬಿನ ಹಿರಿಮೆಯನ್ನು ಹಲವು ದಾರಿಗಳಿಂದ ಅಳೆಯಬಹುದೆಂದು ಅವರು ಹೇಳಿದರು: ಬಳಸುವ ದ್ರವ್ಯದ ಬೆಲೆಯಿಂದ, ತಯಾರಾದ ವಸ್ತುವಿನಿಂದ, ಜನರ ಅಗತ್ಯದಿಂದ, ಎಲ್ಲರಿಗೂ ಆಗುವ ಪ್ರಯೋಜನದಿಂದ, ಚಿತ್ರ ಮತ್ತು ಸಂಗೀತಗಳಂತೆ ಕುಶಲತೆಯೊಂದರಿಂದಲೇ. ಅಗತ್ಯಕ್ಕೆ ನೇಕಾರ, ರೈತ, ಕಟ್ಟಡದವನು ಉದಾಹರಣೆ. ಪ್ರಯೋಜನಕ್ಕೆ ಅವರು ಕೊಟ್ಟ ಉದಾಹರಣೆ ಯಾರೂ ನಿರೀಕ್ಷಿಸದ್ದು: ಕಸ ಬಳಿಯುವವನು. ಅತ್ತರು ಮಾರುವವರು ಒಂದು ತಿಂಗಳು ಅಂಗಡಿ ಮುಚ್ಚಿದರೂ ಊರಿಗೆ ಅಷ್ಟು ತೊಂದರೆಯಿಲ್ಲ, ಕಸ ಬಳಿಯುವವರು ಒಂದು ವಾರ ಬಾರದಿದ್ದರೆ ಊರು ಬಾಳಲಾರದು ಎಂಬುದು ಅವರ ವಾದ. ಪೌರಕಾರ್ಮಿಕರ ಮುಷ್ಕರ ನಡೆದ ಊರಿನವರಿಗೆ ಇದಕ್ಕೆ ಟೀಕೆ ಬೇಕಿಲ್ಲ.

ಈ ಅಳತೆಗಳನ್ನು ಹಿಡಿದು ನಮ್ಮ ನಾಡಿನ ಎರಡು ಕಸುಬುಗಳನ್ನು ನೋಡಬಹುದು. ಬೀದರಿನ ಬಿದ್ರಿ ಕೆಲಸದಲ್ಲಿ ಸತು, ತಾಮ್ರದ ಮಿಶ್ರಲೋಹದ ಮೇಲೆ ಉಳಿಯಿಂದ ಕೊರೆದು ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಮಾಡುತ್ತಾರೆ. ಅದು ‘ಕಲೆ’ ಎಂದು ಜಗತ್ತು ಒಪ್ಪಿದೆ. ಅದರ ಉಸ್ತಾದ್ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಹತ್ತಿ ಹಿಂಜುವುದು ಮಾತ್ರ ‘ಕಸುಬು’. ದ್ರವ್ಯದಿಂದ ಅಳೆದರೆ ಬೆಳ್ಳಿ ಮೇಲು, ಸರಿ. ಅಗತ್ಯದಿಂದ ಅಳೆದರೆ ಹಾಸಿಗೆ ಮೇಲು. ಕುಶಲತೆಯಿಂದ ಅಳೆಯುವವರು ಒಮ್ಮೆ ಹಿಂಜುವವನ ಎದುರು ಕೂರಬೇಕು. ಆಳುದ್ದದ ಬಿಲ್ಲು, ಬಿಗಿದ ನರದ ತಂತಿ, ಕೈಯಲ್ಲಿ ಮರದ ಕೊಡತಿ. ತಂತಿ ಹತ್ತಿಯ ರಾಶಿಯನ್ನು ಸವರಿಯೂ ಸವರದಂತೆ ಇರಬೇಕು. ಆಳಕ್ಕಿಳಿದರೆ ಎಳೆ ಹರಿಯುತ್ತದೆ, ಮೇಲೇ ತೇಲಿದರೆ ಗಂಟು ಬಿಡುವುದಿಲ್ಲ. ಹದ ಸಿಕ್ಕಿದೆಯೆಂದು ಬಲ್ಲವನಿಗೆ ತಂತಿಯ ನಾದವೇ ಹೇಳುತ್ತದೆ. ಆಮೇಲೆ ಗಾದಿಗೆ ತುಂಬುವುದು, ಬೆರಳಿನಿಂದಲೇ ದಪ್ಪ ಸಮ ಮಾಡುವುದು, ಸಮ ಅಂತರಕ್ಕೆ ಟಾಕು ಹಾಕುವುದು. ಗಾದಿಯ ಚೆಲುವು ಕಣ್ಣಿಗೆ ಕಾಣುವುದಲ್ಲ. ಮೂರು ವರ್ಷ ಮಲಗಿದ ಮೇಲೂ ಅದು ನಡುವೆ ಕುಸಿಯದಿದ್ದರೆ ಮೈಗೆ ತಿಳಿಯುವಂಥದ್ದು.

ಹೆಸರನ್ನು ಕೇಳಿ ಮೂಗು ಮುರಿಯುವವರಿಗೆ ಆ ಹೆಸರೇ ಉತ್ತರ ಕೊಡುತ್ತದೆ. ಹಿಂಜು ಎಂಬುದು ಹಳಗನ್ನಡದ ‘ಪಿಂಜು’. ಪಾಲು ಹಾಲಾಯಿತು, ಪಿಂಜು ಹಿಂಜಾಯಿತು, ಪಿಂಜಾರ ಮಾತ್ರ ಹಳೆಯ ಪಕಾರವನ್ನು ಉಳಿಸಿಕೊಂಡ. ‘ನದಾಫ್’ ಎಂಬುದು ಅರಬಿಯ ನದ್ದಾಫ್, ಹತ್ತಿ ಹಿಂಜುವವನು. ಬಗ್ದಾದಿನಲ್ಲಿ 922ರಲ್ಲಿ ಗಲ್ಲಿಗೇರಿದ ಹುಸೈನ್ ಬಿನ್ ಮನ್ಸೂರರನ್ನು ಲೋಕ ಕರೆದದ್ದು ‘ಹಲ್ಲಾಜ್’ ಎಂದು. ಹಲ್ಲಾಜ್ ಎಂದರೂ ಹತ್ತಿಯ ಕಸುಬಿನವನೇ. ಉತ್ತರ ಭಾರತದ ಹಿಂಜುವವರು ಅವರ ನೆನಪಿನಲ್ಲಿ ತಮ್ಮನ್ನು ಮನ್ಸೂರಿಗಳೆಂದು ಕರೆದುಕೊಳ್ಳುತ್ತಾರೆ. ಹಲ್ಲಾಜರ ಮಾತುಗಳ ಚರ್ಚೆ ಇಲ್ಲಿ ಬೇಡ.

ಸೂಫಿಗಳು ಮಾತ್ರವಲ್ಲ, ನಮ್ಮ ಫಿಖ್ಹಿನ ಕಪಾಟನ್ನೇ ತೆರೆಯಿರಿ. ಹನಫಿ ಇಮಾಮ್ ಅಬೂಬಕರ್ ಅಲ್‌ಖಸ್ಸಾಫ್, ವಕ್ಫಿನ ಕಾನೂನನ್ನು ಬರೆದವರು, ಪಾದರಕ್ಷೆ ಹೊಲಿದು ಉಣ್ಣುತ್ತಿದ್ದರು; ಖಸ್ಸಾಫ್ ಎಂದರೆ ಮೋಚಿ. ‘ಅಹ್ಕಾಮುಲ್ ಕುರ್‌ಆನ್’ ಬರೆದ ಅಲ್‌ಜಸ್ಸಾಸರ ಹೆಸರು ಗಾರೆಯ ಕೆಲಸದ್ದು. ಶಾಫಿಈ ಇಮಾಮ್ ಅಲ್‌ಖಫ್ಫಾಲ್ ಬೀಗ ಮಾಡುವವರು. ಅತಿಸಣ್ಣ ಬೀಗಕ್ಕೆ ಹೆಸರಾದ ಕೈ ಅವರದು, ವಯಸ್ಸು ದಾಟಿದ ಮೇಲೆ ಕಿತಾಬು ಹಿಡಿದವರು. ವ್ಯಾಕರಣದ ಇಮಾಮ್ ಅಝ್ಝಜ್ಜಾಜ್ ಗಾಜು ಉಜ್ಜುತ್ತಿದ್ದರು. ದಿನದ ಒಂದೂವರೆ ದಿರ್ಹಮ್ ಗಳಿಕೆಯಲ್ಲಿ ಒಂದನ್ನು ಗುರು ಮುಬರ್ರದರಿಗೆ ಕೊಟ್ಟು ಪಾಠ ಹೇಳಿಸಿಕೊಂಡರು. ಜುನೈದ್ ಬಗ್ದಾದಿ(ರ) ಅವರ ತಂದೆ ಗಾಜಿನ ಸೀಸೆ ಮಾರುತ್ತಿದ್ದವರು. ಇವರ ಹೆಸರುಗಳ ಮುಂದೆ ‘ರಹಿಮಹುಲ್ಲಾಹ್’ ಎನ್ನುವ ನಾವು, ಅದೇ ಹೆಸರಿನ ಕನ್ನಡ ರೂಪ ಕೇಳಿದಾಗ ಸಂಬಂಧ ಮುರಿಯುತ್ತೇವೆ.

ಹಾಗಾದರೆ ಆ ಮಸ್‌ಅಲಾ ಏನು? ‘ಹಿದಾಯಾ’ದ ನಿಕಾಹ್ ಅಧ್ಯಾಯದಲ್ಲಿ ಕಫಾಅತ್, ಅಂದರೆ ಸರಿಸಮಾನತೆಯ ಪ್ರಕರಣವಿದೆ. ಕಸುಬಿನಲ್ಲೂ ಸಮಾನತೆಯನ್ನು ನೋಡಬೇಕೆಂಬುದು ಇಮಾಮ್ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್(ರ) ಅವರ ಅಭಿಪ್ರಾಯವೆಂದು ಅಲ್ಲಿ ಬರೆದಿದೆ. ಬರೆದಿಲ್ಲ ಎಂದರೆ ನಾನು ಸುಳ್ಳು ಹೇಳಿದಂತೆ. ಆದರೆ ಅದರ ಮುಂದಿನ ಸಾಲುಗಳನ್ನೂ ಓದಬೇಕು. ಇಮಾಮ್ ಅಬೂ ಹನೀಫಾ(ರ) ಅವರಿಂದ ಈ ಬಗ್ಗೆ ಎರಡು ರಿವಾಯತ್‌ಗಳಿವೆ. ಅಬೂ ಯೂಸುಫರಿಂದಲೇ ಇನ್ನೊಂದು ಮಾತಿದೆ: ಅಂತರ ತೀರಾ ಎದ್ದುಕಾಣುವ ಕೆಲವು ಕಸುಬುಗಳ ಹೊರತು ಅದನ್ನು ಲೆಕ್ಕಿಸಬೇಕಿಲ್ಲ. ಆ ಕೆಲವರ ಪಟ್ಟಿಯಲ್ಲಿ ನೇಕಾರನ ಹೆಸರಿದೆ ಎಂಬುದನ್ನೂ ಮುಚ್ಚಿಡಲಾರೆ. ಇನ್ನು ಕಾರಣಗಳನ್ನು ನೋಡಿ. ಲೆಕ್ಕಿಸಬೇಕು ಎಂದವರಿಗೆ ಕಾರಣ, ಜನ ಕೆಲವು ಕಸುಬುಗಳಿಗೆ ಹೆಮ್ಮೆಪಡುತ್ತಾರೆ, ಕೆಲವಕ್ಕೆ ನಾಚುತ್ತಾರೆ ಎಂಬುದು. ಬೇಡ ಎಂದವರಿಗೆ ಕಾರಣ, ಕಸುಬು ಮೈಗೆ ಅಂಟಿದ್ದಲ್ಲ, ಮನುಷ್ಯ ಒಂದರಿಂದ ಇನ್ನೊಂದಕ್ಕೆ ಹೋಗಬಲ್ಲ ಎಂಬುದು. ಲೆಕ್ಕಿಸಬೇಕೆಂಬುದಕ್ಕೆ ಅಲ್ಲಿ ಕೊಟ್ಟ ಕಾರಣ ಆಯತ್ತಲ್ಲ, ಹದೀಸಲ್ಲ; ಜನರ ಹೆಮ್ಮೆ ಮತ್ತು ನಾಚಿಕೆ. ಅದು ‘ಉರ್ಫ್’, ಆ ಕಾಲದ, ಆ ಪಟ್ಟಣಗಳ ರೂಢಿ. ನೇಕಾರನನ್ನೂ ಕೊಂಬು ಹಾಕಿ ರಕ್ತ ತೆಗೆಯುವ ಹಜ್ಜಾಮನನ್ನೂ ಸಮಾನತೆಯಿಂದ ಹೊರಗಿಡುವ ಒಂದು ವರದಿ ಓಡಾಡುತ್ತದೆ. ಇಬ್ನು ಅಬ್ದಿಲ್ ಬರ್ರ್ ಮುಂತಾದ ಹದೀಸ್ ತಜ್ಞರು ಅದನ್ನು ಆಧಾರವಿಲ್ಲದ್ದೆಂದು ತಳ್ಳಿಹಾಕಿದ್ದಾರೆ.

ಅದಕ್ಕೆದುರಾಗಿ ಸುನನ್ ಅಬೂ ದಾವೂದಿನಲ್ಲಿ ಅಬೂ ಹಿಂದ್(ರ) ಅವರ ಪ್ರಸಂಗವಿದೆ. ಅಬೂ ಹಿಂದ್ ಹಜ್ಜಾಮರು. ಪ್ರವಾದಿಯವರಿಗೂ(ಸ) ಕೊಂಬು ಹಾಕಿದವರು. ಅವರಿಗೆ ಹೆಣ್ಣು ಕೊಡಿ, ಅವರಿಂದ ಹೆಣ್ಣು ತನ್ನಿ ಎಂದು ಪ್ರವಾದಿ(ಸ) ಬನೂ ಬಯಾಝಾ ಗೋತ್ರದವರಿಗೆ ತಾವಾಗಿ ಹೇಳಿದರು. ಇಷ್ಟು ಸ್ಪಷ್ಟವಾದ ಮಾತಿರುವಾಗ ಪಟ್ಟಣದ ರೂಢಿಯನ್ನು ಹಿಡಿದು ಜೋತಾಡುವುದು ನನಗೆ ಸರಿಯೆನಿಸುವುದಿಲ್ಲ. ಇಮಾಮ್ ಮುಹಮ್ಮದರ ಹೆಸರಿನಲ್ಲೇ ಗಳಿಕೆಯ ಕುರಿತ ‘ಕಿತಾಬುಲ್ ಕಸ್ಬ್’ ಇದೆ. ಕೂಲಿ, ವ್ಯಾಪಾರ, ಬೇಸಾಯ, ಕೈಗೆಲಸ ಎಂಬ ನಾಲ್ಕು ಬಗೆಯ ಗಳಿಕೆಗಳು ಹಲಾಲಿನ ದೃಷ್ಟಿಯಲ್ಲಿ ಸಮ ಎಂಬುದು ಬಹುಪಾಲು ಫುಖಹಾಗಳ ಮತವೆಂದು ಅಲ್ಲಿದೆ. ಕಫಾಅತಿನ ಪ್ರಕರಣದಲ್ಲಿ ಕಸುಬನ್ನು ಲೆಕ್ಕಿಸಿದ ಇಮಾಮರೂ ಅವರೇ. ವಹೀಯ ತಕ್ಕಡಿಯಲ್ಲಿ ಕಸುಬುಗಳು ಸಮ, ಊರ ಜನರ ಕಣ್ಣಿನಲ್ಲಿ ಅಸಮ ಎಂಬ ವ್ಯತ್ಯಾಸ ಅವರಿಗೆ ತಿಳಿದಿತ್ತು. ಹೆಣ್ಣಿಗೆ ಗಂಡನ ಮನೆಯಲ್ಲಿ ಕಷ್ಟವಾಗದಿರಲಿ ಎಂದು ಮಾಡಿದ ನಿಯಮ ಅದು. ಗಂಡಿಗಾಗಿ ಹೆಣ್ಣಿನ ಅಜ್ಜನ ಬಿಲ್ಲನ್ನು ಎಣಿಸುವುದಕ್ಕೆ ಆ ಪ್ರಕರಣದಲ್ಲಿ ಜಾಗವೇ ಇಲ್ಲ: ಕಫಾಅತ್ ನೋಡಬೇಕಾದದ್ದು ಗಂಡಿನ ಕಡೆಯಿಂದ, ಹೆಣ್ಣಿನ ಕಡೆಯಿಂದಲ್ಲ. ‘ಮಸ್‌ಅಲಾ ಇದೆ’ ಎಂದು ಆ ಮನೆಯವರಿಗೆ ಹೇಳಿದವರು ಇಷ್ಟನ್ನಾದರೂ ಓದಿರಬೇಕಿತ್ತು.

ಮತ್ತೊಂದು ಜುಮುಅ ದಿನ ಆ ಹಿರಿಯರು ಬಂದಾಗ ಹಿದಾಯಾವನ್ನು ಅವರೆದುರು ಬಿಡಿಸಿಟ್ಟು, ಎರಡೂ ಸಾಲುಗಳನ್ನು ಕನ್ನಡದಲ್ಲಿ ಹೇಳಿದೆ. ಅಬೂ ಹಿಂದ್ ಅವರ ಪ್ರಸಂಗವನ್ನೂ ಹೇಳಿದೆ. ಅವರು ಬಹಳ ಹೊತ್ತು ಕಿತಾಬಿನ ಪುಟವನ್ನೇ ನೋಡುತ್ತಿದ್ದರು. ಅರಬಿ ಅವರಿಗೆ ಬಾರದು. “ಹಂಗಾದ್ರೆ ಹಜ್ರತ್, ಅವ್ರು ಮೊದ್ಲನೇ ಸಾಲು ಮಾತ್ರ ಯಾಕೆ ಓದಿದ್ರು?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಸಂಬಂಧ ಮತ್ತೆ ಕೂಡಿಬರಲಿಲ್ಲ. ಶವ್ವಾಲಿನಲ್ಲಿ ಹುಡುಗಿಯ ನಿಕಾಹ್ ಹೊಸದುರ್ಗದ ಕಡೆಯ ಬೇರೊಂದು ಮನೆಗೆ ಆಯಿತು. ಹುಡುಗ ಲಾರಿ ಗ್ಯಾರೇಜಿನಲ್ಲಿ ಕೆಲಸ ಮಾಡುವವನು, ಅವನ ಕೈಕೆಳಗಿನ ಹುಡುಗರು ಅವನನ್ನು ಉಸ್ತಾದ್ ಎಂದೇ ಕರೆಯುತ್ತಾರೆ. ಮದುವೆಯ ಗಾದಿಯನ್ನು ಅಂಗಡಿಯಿಂದ ತರಲಿಲ್ಲ. ಹಿರಿಯರು ಅಟ್ಟದ ಮೇಲಿದ್ದ ತಂದೆಯ ಬಿಲ್ಲನ್ನು ಇಳಿಸಿ, ಹೊಸ ತಂತಿ ಬಿಗಿದು, ತಾವೇ ಹಿಂಜಿದರು. ನಾನು ಖುತ್ಬಾ ಓದಲು ಹೋದಾಗ ಚಪ್ಪರದ ಗಳುಗಳಿಗೆ ಇನ್ನೂ ಹತ್ತಿಯ ಎಳೆಗಳು ಅಂಟಿಕೊಂಡಿದ್ದವು.